ಜಿಯಾನ್‌ಲುಯಿಜಿ ಬುಫಾನ್ 45ನೇ ವಯಸ್ಸಿನವರೆಗೂ ಗೋಲ್‌ಕೀಪರ್ ಆಗಿ ಆಡಲು ಹೇಗೆ ಸಾಧ್ಯವಾಯಿತು?

ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ಗೆ ಓಟ ಕಡಿಮೆ, ಆದ್ದರಿಂದಲೇ ಇಟಲಿಯ ಬುಫಾನ್ ಅಷ್ಟು ಕಾಲ ಆಡಿದರೇ ಎಂದು ನೀವು ಕೇಳಿದ್ದೀರಿ. ಅದು ಕಾರಣದ ಒಂದು ಭಾಗ ಮಾತ್ರ. ಓಟ ಎಲ್ಲ ಗೋಲ್‌ಕೀಪರ್‌ಗಳಿಗೂ ಕಡಿಮೆಯೇ. ಆದರೂ ಅವರಲ್ಲಿ ಬಹುಪಾಲು ಮಂದಿ ನಲವತ್ತಕ್ಕೆ ಮೊದಲೇ ಆಟ ಬಿಡುತ್ತಾರೆ. ಎಲ್ಲಿ ನಿಲ್ಲಬೇಕೆಂಬ ಅರಿವು ಮತ್ತು ಸೋತ ಮೇಲೂ ಆಟವನ್ನು ಬಿಡದ ಮನಸ್ಸು, ಇವೆರಡೇ ಬುಫಾನ್ ಅವರನ್ನು ಅಷ್ಟು ದೂರ ಕರೆದೊಯ್ದವು ಎಂಬುದು ನನ್ನ ನಂಬಿಕೆ.

1978ರಲ್ಲಿ ಇಟಲಿಯ ಕರಾರಾದಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಿಡ್‌ಫೀಲ್ಡರ್ ಆಗಿದ್ದರು. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನಿನ ಗೋಲ್‌ಕೀಪರ್ ಥಾಮಸ್ ಎನ್‌ಕೊನೊ ಅವರ ಆಟಕ್ಕೆ ಮನಸೋತು ಗೋಲ್‌ಕೀಪಿಂಗ್‌ನತ್ತ ತಿರುಗಿದರು. ಮುಂದೆ ತಮ್ಮ ಮಗನ ಹೆಸರಿನಲ್ಲಿ ಥಾಮಸ್ ಎಂಬುದನ್ನೂ ಸೇರಿಸಿದರು. 1995ರ ನವೆಂಬರ್ 19ರಂದು ಪಾರ್ಮಾ ತಂಡದ ಪರವಾಗಿ ಮೊದಲ ಲೀಗ್ ಪಂದ್ಯಕ್ಕೆ ಇಳಿದಾಗ ಅವರಿಗೆ 17 ವರ್ಷ. ಎದುರಿಗಿದ್ದದ್ದು ರಾಬರ್ಟೊ ಬ್ಯಾಜಿಯೊ, ಜಾರ್ಜ್ ವೀಯಾ ಅಂಥವರಿದ್ದ ಎ.ಸಿ. ಮಿಲಾನ್. ಪಂದ್ಯ 0-0ರಲ್ಲಿ ಮುಗಿಯಿತು. 2001ರಲ್ಲಿ ಅವರು ಇಟಲಿಯ ಇನ್ನೊಂದು ಕ್ಲಬ್ ಯುವೆಂಟಸ್ ಸೇರಿದರು.

ನಿಲ್ಲುವ ಜಾಗದ ಮಾತಿಗೆ 2006ರ ವಿಶ್ವಕಪ್ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಬರ್ಲಿನ್‌ನಲ್ಲಿ ಹೆಚ್ಚುವರಿ ಸಮಯದ ಆಟ ನಡೆಯುತ್ತಿದ್ದಾಗ, ಎದುರಾಳಿ ಫ್ರಾನ್ಸ್‌ನ ಸಾನ್ಯೋಲ್ ಬಲಗಡೆಯಿಂದ ಗೋಲಿನತ್ತ ಎತ್ತಿ ಕಳಿಸಿದ ಚೆಂಡನ್ನು ಅದೇ ತಂಡದ ಜಿದಾನ್ ತಲೆಯಿಂದ ಬಲವಾಗಿ ಹೊಡೆದರು. ಚೆಂಡು ಅಡ್ಡಪಟ್ಟಿಯ ಕೆಳಗೇ ನುಗ್ಗುವಂತಿತ್ತು. ಬುಫಾನ್ ಕೈಚಾಚಿ ಅದನ್ನು ಪಟ್ಟಿಯ ಮೇಲಿನಿಂದ ಹೊರಗೆ ತಳ್ಳಿದರು. ವಿಡಿಯೊ ಸಿಕ್ಕರೆ ಅವರ ಕೈಯನ್ನಲ್ಲ, ಕಾಲುಗಳನ್ನು ಗಮನಿಸಿ. ಚೆಂಡು ಗಾಳಿಯಲ್ಲಿ ಇರುವಾಗಲೇ ಅವರು ತಮ್ಮ ಜಾಗಕ್ಕೆ ಬಂದು ನಿಂತಿರುತ್ತಾರೆ, ಹಾಗಾಗಿ ಪಕ್ಕಕ್ಕೆ ಹಾರುವ ಅಗತ್ಯವೇ ಬೀಳುವುದಿಲ್ಲ. ವಯಸ್ಸಾದಂತೆ ನೆಗೆತ ಕುಗ್ಗುತ್ತದೆ, ಈ ಲೆಕ್ಕಾಚಾರ ಮಾತ್ರ ಪಂದ್ಯದಿಂದ ಪಂದ್ಯಕ್ಕೆ ಪಕ್ವವಾಗುತ್ತದೆ. ಆ ಇಡೀ ಟೂರ್ನಿಯಲ್ಲಿ ಅವರನ್ನು ದಾಟಿ ಹೋದದ್ದು ಎರಡೇ ಗೋಲು: ಒಂದು ಸಹ ಆಟಗಾರನ ಸ್ವಂತ ಗೋಲು, ಇನ್ನೊಂದು ಫೈನಲ್‌ನಲ್ಲಿ ಜಿದಾನ್ ಹೊಡೆದ ಪೆನಾಲ್ಟಿ. 2016ರಲ್ಲಿ, 38ನೇ ವಯಸ್ಸಿನಲ್ಲಿ, ಇಟಲಿಯ ಲೀಗ್‌ನಲ್ಲಿ ಸತತ 974 ನಿಮಿಷ ಗೋಲು ಬಿಟ್ಟುಕೊಡದೆ ದಾಖಲೆ ಮಾಡಿದರು. ಆ ಓಟವನ್ನು ನಿಲ್ಲಿಸಲೂ ಪೆನಾಲ್ಟಿಯೇ ಬೇಕಾಯಿತು.

ಮನಸ್ಸಿನ ವಿಷಯ ಇನ್ನೂ ಮುಖ್ಯವಾದದ್ದು. ಯುವೆಂಟಸ್‌ನಲ್ಲಿದ್ದ ಮೊದಲ ವರ್ಷಗಳಲ್ಲಿ ಕೆಲವು ತಿಂಗಳು ಖಿನ್ನತೆಯಿಂದ ಬಳಲಿದ್ದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ಕಾಲದ ಆಟಗಾರರಲ್ಲಿ ಅಂಥ ಮಾತನ್ನು ಬಾಯಿಬಿಟ್ಟು ಹೇಳಿದವರು ವಿರಳ, ಆದ್ದರಿಂದ ನಾನು ಅದನ್ನು ಅವರ ಯಾವ ಪದಕಕ್ಕೂ ಕಡಿಮೆಯೆಂದು ಎಣಿಸುವುದಿಲ್ಲ. 2006ರಲ್ಲಿ ರೆಫರಿ ನೇಮಕದ ಹಗರಣದಿಂದಾಗಿ ಯುವೆಂಟಸ್ ಎರಡನೇ ದರ್ಜೆಯ ಲೀಗ್‌ಗೆ ಇಳಿದಾಗ, ಆಗಷ್ಟೇ ವಿಶ್ವಕಪ್ ಗೆದ್ದಿದ್ದ ಅವರು ಬೇರೆ ದೊಡ್ಡ ಕ್ಲಬ್‌ಗೆ ಹೋಗದೆ ತಂಡದೊಂದಿಗೇ ಉಳಿದರು. 2017ರ ನವೆಂಬರ್‌ನಲ್ಲಿ ಸ್ವೀಡನ್ ಎದುರು ಗೆಲ್ಲಲಾಗದೆ ಇಟಲಿ 2018ರ ವಿಶ್ವಕಪ್‌ಗೆ ಅರ್ಹತೆ ಪಡೆಯದೆ ಹೋದಾಗ ಕ್ಯಾಮೆರಾಗಳ ಮುಂದೆಯೇ ಕಣ್ಣೀರಿಟ್ಟರು.

ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಮೂರು ಫೈನಲ್‌ಗಳಲ್ಲಿ, ಅಂದರೆ 2003, 2015 ಮತ್ತು 2017ರಲ್ಲಿ ಸೋತದ್ದರಿಂದ ಅವರ ವೃತ್ತಿಜೀವನ ಅಪೂರ್ಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೂರನೆಯ ಸೋಲಿನ ಹೊತ್ತಿಗೆ ಅವರಿಗೆ 39 ವರ್ಷ. ಅದಾದ ಮೇಲೂ ಯುವೆಂಟಸ್‌ನಲ್ಲೇ ಇನ್ನೊಂದು ಋತು, ಪ್ಯಾರಿಸ್‌ನ ಕ್ಲಬ್‌ನಲ್ಲಿ ಒಂದು ಋತು, ಮತ್ತೆ ಯುವೆಂಟಸ್‌ನಲ್ಲಿ ಎರಡು ಋತು ಆಡಿ, 2021ರಲ್ಲಿ ಎರಡನೇ ದರ್ಜೆಗೆ ಇಳಿದಿದ್ದ ಪಾರ್ಮಾಕ್ಕೆ ಹೋಗಿ, 2023ರವರೆಗೆ ಗ್ಲೌಸ್ ತೊಟ್ಟರು.