ಉದುರದ ಹಳದಿ ಎಲೆ

ಪ್ರಶ್ನೆ: ಸ್ಕೈರಿಮ್ ಎಂಬ ವಿಡಿಯೋ ಆಟದಲ್ಲಿ ತಿಂಗಳುಗಳು ಉರುಳುತ್ತಲೇ ಇರುತ್ತವೆ. ಆದರೆ ವಿಂಡ್‌ಹೆಲ್ಮ್‌ನ ಹಿಮ ಕರಗುವುದಿಲ್ಲ, ರಿಫ್ಟನ್ ಊರಿನ ಸುತ್ತಲಿನ ಮರಗಳ ಹಳದಿ ಎಲೆ ಉದುರಿ ಮುಗಿಯುವುದಿಲ್ಲ. ಇಷ್ಟು ದೊಡ್ಡ ಲೋಕ ಕಟ್ಟಿದವರಿಗೆ ಋತು ಬದಲಿಸುವುದು ಅಷ್ಟು ಕಷ್ಟವೇ?

ಉತ್ತರ: ಕಷ್ಟದ ಮಾತು ಆಮೇಲೆ, ಮೊದಲು ಲೆಕ್ಕ ಹಾಕೋಣ. ಅಲ್ಲಿ ಕಾಲ 20 ಪಟ್ಟು ವೇಗವಾಗಿ ಓಡುತ್ತದೆ. ಒಂದು ದಿನವೆಂದರೆ ನಮ್ಮ 72 ನಿಮಿಷ. ಮಲಗದೆ, ಕಾಯದೆ, ನಕ್ಷೆಯ ಮೇಲೆ ಊರಿಂದೂರಿಗೆ ಹಾರದೆ ಆಡಿದರೆ ಒಂದು ವರ್ಷಕ್ಕೆ 438 ಗಂಟೆ ಬೇಕು. ಎರಡನೆಯ ಋತು ಕಾಲಿಡುವ ಹೊತ್ತಿಗೆ ಎಷ್ಟೋ ಮಂದಿ ಮುಖ್ಯ ಕಥೆ ಮುಗಿಸಿ ಎದ್ದಿರುತ್ತಾರೆ. ನೋಡುವವರಿಲ್ಲದ ವಸಂತಕ್ಕೆ ಯಾರು ಎಲೆ ಚಿಗುರಿಸುತ್ತಾರೆ? ಅದಕ್ಕೇ ಋತುಗಳನ್ನು ನಕ್ಷೆಯಲ್ಲಿ ಹಂಚಿಬಿಟ್ಟಿದ್ದಾರೆ: ಉತ್ತರಕ್ಕೆ ನಡೆದರೆ ಚಳಿಗಾಲ, ಆಗ್ನೇಯಕ್ಕೆ ಬಂದರೆ ಎಲೆ ಹಣ್ಣಾಗುವ ಕಾಲ.

ಇನ್ನು ಕಷ್ಟ. ಆಟ ಬಂದದ್ದು 2011ರಲ್ಲಿ. ಅದು ಓಡಬೇಕಿದ್ದ ಆಟದ ಯಂತ್ರಗಳಲ್ಲಿ ಒಂದಾದ ಎಕ್ಸ್‌ಬಾಕ್ಸ್ 360ರ ಮೆಮೊರಿ ಒಟ್ಟು 512 ಎಂಬಿ. ಪ್ರತಿ ಮರಕ್ಕೂ ಸೂರಿಗೂ ನಾಲ್ಕು ನಾಲ್ಕು ವೇಷ ಹೊಲಿಯುವುದು ಯಾರಿಗೂ ಸಣ್ಣ ಕೆಲಸವಲ್ಲ. ಜೊತೆಗೆ, ಆಟದೊಳಗೆ ಕೆಲಸ ಒಪ್ಪಿಸಿ "ಬೇಗ ಬನ್ನಿ" ಎಂದು ಗೋಗರೆದವನು ನೀವು ಆರು ತಿಂಗಳು ಬಿಟ್ಟು ಹೋದರೂ ಅಲ್ಲೇ ನಿಂತಿರುತ್ತಾನೆ. ಹಿಮ ಕರಗಿದರೆ ಅವನ ಅವಸರದ ಬಣ್ಣವೂ ಬಯಲಾಗುತ್ತಿತ್ತು!

ನನ್ನ ತಕರಾರು ಬೇರೆ. ಮೂಲ ಆಟದಲ್ಲಿ ಆ ಹಿಮದ ನಡುವೆ ಬರಿಮೈಯಲ್ಲಿ ನಿಂತರೂ ಚಳಿ ನಿಮ್ಮನ್ನು ಏನೂ ಮಾಡುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟದಲ್ಲಿ ಹಾಗಲ್ಲ. ಅಲ್ಲಿ ಋತುವಿಗೆ 28 ದಿನ. ಮೊದಲ ಬಾರಿ ಆಡುವಾಗ ನಾನು ವಸಂತದ 18ರಂದು ಹೂಕೋಸು ಬಿತ್ತಿದೆ. ಅದಕ್ಕೆ 12 ದಿನ ಬೇಕೆಂದು ಬೀಜದ ವಿವರದಲ್ಲೇ ಬರೆದಿತ್ತು, ಓದಲಿಲ್ಲ. ದಿನವೂ ತಪ್ಪದೆ ನೀರುಣಿಸಿದೆ. ಬೇಸಿಗೆಯ ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಸಾಲಿಗೆ ಸಾಲೇ ಒಣಗಿ ನಿಂತಿತ್ತು. ಎರಡೇ ದಿನ ಸಾಲದೆ ಹೋಯಿತು. 2018ರ ಕಾರು ಓಟದ ಆಟ ಫೋರ್ಜಾ ಹೊರೈಜನ್ 4ರಲ್ಲಿ ಋತು ವಾರಕ್ಕೊಮ್ಮೆ ಬದಲಾಗುತ್ತದೆ. ಚಳಿಗಾಲದ ವಾರ ಹೆಪ್ಪುಗಟ್ಟಿದ ಕೆರೆಯ ಮೇಲೆಯೇ ಕಾರು ಓಡಿಸಬಹುದು. ಋತು ಬಂದರೆ ಹೀಗೆ ಬರಬೇಕು, ಬೆಳೆ ಕೆಡಿಸಿಯೋ ದಾರಿ ತೆರೆದೋ. ಬರಿಯ ಬಣ್ಣ ಬದಲಿಸುವ ಋತು ಗೋಡೆಯ ಕ್ಯಾಲೆಂಡರಿನ ಚಿತ್ರವಿದ್ದಂತೆ.

ನೀವು ಕಂಪ್ಯೂಟರಿನಲ್ಲಿ ಆಡುವವರಾದರೆ, ಸ್ಕೈರಿಮ್‌ಗೆ ಋತುಗಳನ್ನು ತರುವ, ಎಂದರೆ ಆಟವನ್ನೇ ಮಾರ್ಪಡಿಸುವ ಮಾಡ್‌ಗಳನ್ನು ಅಭಿಮಾನಿಗಳೇ ಮಾಡಿಟ್ಟಿದ್ದಾರೆ. ನಾನು ಹಾಕಿಕೊಂಡಿಲ್ಲ. ರಿಫ್ಟನ್ ದಾರಿಯ ಆ ಹಳದಿ ನನಗೆ ಹಾಗೆಯೇ ಇರಲಿ.