ಸಿಲ್ಡೆನಾಫಿಲ್ ಕೆಲಸ ಮಾಡಲಿಲ್ಲ, ಟಡಾಲಾಫಿಲ್ ಅದಕ್ಕಿಂತ ಸ್ಟ್ರಾಂಗಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 48, ಕೆಲವು ವರ್ಷಗಳಿಂದ ಶುಗರ್ ಇದೆ, ಈಗೀಗ ಶಿಶ್ನ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗೆಳೆಯ ಕೊಟ್ಟ ಸಿಲ್ಡೆನಾಫಿಲ್ 50 ಎಂಜಿ ಎರಡು ಸಲ ತಗೊಂಡು ನೋಡಿದಿರಿ, ಏನೂ ಪ್ರಯೋಜನ ಆಗಲಿಲ್ಲ. ಟಡಾಲಾಫಿಲ್ ಅದಕ್ಕಿಂತ ಸ್ಟ್ರಾಂಗಾ, ಅದೂ ಆಗದಿದ್ದರೆ ಮುಂದೇನು, ಹೆಂಡತಿಗೆ ಗೊತ್ತಾಗದ ಹಾಗೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಈ ಮಾತ್ರೆಗಳನ್ನು ಕೌಂಟರ್‌ನಲ್ಲಿ ನಿಂತು ಕೊಡುತ್ತಾ ವರ್ಷಗಳೇ ಆಗಿವೆ. ಬೇರೆ ಗಿರಾಕಿಗಳೆಲ್ಲ ಹೋಗಲಿ ಅಂತ ಕಾಯುತ್ತಾ ನಿಂತು, ಸಣ್ಣಗೆ ಮಡಚಿದ ಚೀಟಿಯನ್ನು ಮುಂದೆ ತಳ್ಳಿ, ಕಣ್ಣು ಬೇರೆ ಕಡೆ ತಿರುಗಿಸುವವರೇ ಜಾಸ್ತಿ. ಒಂದು ಪ್ರಶ್ನೆ ಕೇಳಲ್ಲ. ಮಾತ್ರೆ ಜೇಬಿಗೆ ಹಾಕಿಕೊಂಡು ಹೊರಟೇ ಬಿಡುತ್ತಾರೆ. ಕೆಲವು ದಿನ ಬಿಟ್ಟು ಬಂದು "ಇದು ವೇಸ್ಟು, ಬೇರೆ ಸ್ಟ್ರಾಂಗ್ ಇದ್ದರೆ ಕೊಡಿ" ಅನ್ನುತ್ತಾರೆ.

ಸ್ಟ್ರಾಂಗ್ ಅನ್ನೋ ಲೆಕ್ಕವೇ ಇಲ್ಲಿ ಅಷ್ಟಾಗಿ ಹೊಂದಲ್ಲ. ಮುಖ್ಯವಾಗಿ ನಾಲ್ಕು ಔಷಧಿ ಇವೆ: ಸಿಲ್ಡೆನಾಫಿಲ್ (ವಯಾಗ್ರ ಅಂತ ಜಗತ್ತಿಗೆ ಪರಿಚಯವಾದದ್ದು), ಟಡಾಲಾಫಿಲ್ (ಸಿಯಾಲಿಸ್), ವಾರ್ಡೆನಾಫಿಲ್ (ಲೆವಿಟ್ರಾ), ಅವಾನಾಫಿಲ್ (ಸ್ಟೆಂಡ್ರಾ). ನಾಲ್ಕೂ ಮಾಡುವ ಕೆಲಸ ಒಂದೇ. ಸರಿಯಾದ ಡೋಸ್‌ನಲ್ಲಿ ಕೊಟ್ಟಾಗ ಯಶಸ್ಸಿನ ಪ್ರಮಾಣವೂ ಹೆಚ್ಚುಕಮ್ಮಿ ಒಂದೇ. ಒಂದರಿಂದ ಇನ್ನೊಂದು ಬೇರೆ ಆಗುವುದು ಮುಖ್ಯವಾಗಿ ಸಮಯದಲ್ಲಿ: ಎಷ್ಟು ಬೇಗ ಶುರುವಾಗುತ್ತೆ, ಎಷ್ಟು ಹೊತ್ತು ಇರುತ್ತೆ, ಊಟ ಅಡ್ಡ ಬರುತ್ತಾ ಇಲ್ವಾ.

ಕೆಲಸ ಹೇಗೆ ಅಂತ ಸ್ವಲ್ಪ ತಿಳಿದುಕೊಂಡರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಗುತ್ತೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಶಿಶ್ನದ ನರಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಅದರಿಂದ ಸಿಜಿಎಂಪಿ ಅನ್ನುವ ರಾಸಾಯನಿಕ ಹುಟ್ಟುತ್ತೆ, ರಕ್ತನಾಳಗಳು ಸಡಿಲವಾಗಿ ರಕ್ತ ತುಂಬುತ್ತೆ. ಪಿಡಿಇ5 ಅನ್ನುವ ಕಿಣ್ವ ಆ ಸಿಜಿಎಂಪಿಯನ್ನು ಒಡೆದು ಹಾಕುತ್ತಾ ಇರುತ್ತೆ. ಮಾತ್ರೆ ಆ ಕಿಣ್ವವನ್ನು ತಡೆಯುತ್ತೆ, ಅಷ್ಟೇ. ತೊಟ್ಟಿಯ ತೂಬು ಮುಚ್ಚಿದ ಹಾಗೆ. ನೀರು ಬಿಡುವ ಕೆಲಸ ನಿಮ್ಮದೇ. ಮಾತ್ರೆ ನುಂಗಿ ಟಿವಿ ನೋಡುತ್ತಾ "ಈಗ ಆಗುತ್ತೆ, ಈಗ ಆಗುತ್ತೆ" ಅಂತ ಕೂತರೆ ಏನೂ ಆಗಲ್ಲ. ಮನಸ್ಸು ಬೇಕು, ಸ್ಪರ್ಶ ಬೇಕು.

ಸಿಲ್ಡೆನಾಫಿಲ್ ಹುಟ್ಟಿದ್ದು ಈ ಕೆಲಸಕ್ಕೇ ಅಲ್ಲ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಅನ್ನುವ ಊರಿನ ಫೈಜರ್ ಲ್ಯಾಬಿನಲ್ಲಿ ಎದೆನೋವಿಗೆ ಅಂತ ಅದನ್ನು ಪರೀಕ್ಷೆ ಮಾಡುತ್ತಿದ್ದರು. ಎದೆನೋವಿಗೆ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ, ಆದರೆ ಪರೀಕ್ಷೆಗೆ ಬಂದ ಗಂಡಸರು ಬೇರೆಯದೇ ಪರಿಣಾಮ ಹೇಳತೊಡಗಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರ ಮಾರ್ಚ್‌ನಲ್ಲಿ. ಅದೇ ವರ್ಷ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳಲ್ಲಿ ಮಾಡುವ ಕೆಲಸ ಕಂಡುಹಿಡಿದ ಮೂವರಿಗೆ ನೊಬೆಲ್ ಕೂಡ ಬಂತು. ಹೃದಯಕ್ಕೂ ಈ ಮಾತ್ರೆಗೂ ಇರುವ ನಂಟು ಕಾಕತಾಳೀಯ ಅಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ಸಮಯದ ಲೆಕ್ಕ. ಸಿಲ್ಡೆನಾಫಿಲ್ ಅನ್ನು ಸುಮಾರು ಒಂದು ಗಂಟೆ ಮುಂಚೆ ತಗೊಳ್ಳಬೇಕು. ಪರಿಣಾಮ ನಾಲ್ಕು ಗಂಟೆಯವರೆಗೆ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು. ಜಿಡ್ಡಿನ ಊಟ ಮಾಡಿ ಅದರ ಮೇಲೆ ನುಂಗಿದರೆ ರಕ್ತಕ್ಕೆ ಸೇರುವುದು ಸುಮಾರು ಒಂದು ಗಂಟೆ ತಡವಾಗುತ್ತೆ, ಸೇರುವ ಪ್ರಮಾಣವೂ ಕಡಿಮೆಯಾಗುತ್ತೆ. ಹೊಟ್ಟೆ ತುಂಬ ಉಂಡು, ಮಾತ್ರೆ ನುಂಗಿ, ಅರ್ಧ ಗಂಟೆಗೆ ಕೆಲಸ ಆಗಲಿಲ್ಲ ಅಂತ ಬೈಯುವವರು ಬಹಳ ಜನ. ನೀವೂ ಯೋಚನೆ ಮಾಡಿ, ಆ ಎರಡು ಸಲ ಊಟ ಯಾವಾಗ ಆಗಿತ್ತು, ಜೊತೆಗೆ ಮದ್ಯ ಇತ್ತಾ? ಮದ್ಯ ಜಾಸ್ತಿಯಾದರೆ ಯಾವ ಮಾತ್ರೆಯೂ ನೆಟ್ಟಗೆ ಕೆಲಸ ಮಾಡಲ್ಲ. ಬಿಪಿ ಇಳಿದು ತಲೆ ಸುತ್ತಬಹುದು, ಅದು ಬೇರೆ.

ಟಡಾಲಾಫಿಲ್ ಸ್ವಭಾವ ಬೇರೆ. ಅದರ ಅರ್ಧಾಯುಷ್ಯ (ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಹದಿನೇಳೂವರೆ ಗಂಟೆ, ಸಿಲ್ಡೆನಾಫಿಲ್‌ದು ನಾಲ್ಕೇ. ಹಾಗಾಗಿ ಪರಿಣಾಮ 36 ಗಂಟೆಯವರೆಗೂ ಇರುತ್ತೆ. 36 ಗಂಟೆ ಅಂದ ಕೂಡಲೇ ಕೆಲವರು ಗಾಬರಿಯಾಗುತ್ತಾರೆ, ಇನ್ನು ಕೆಲವರು ಖುಷಿಯಾಗುತ್ತಾರೆ. ಎರಡೂ ಬೇಡ. ಅಷ್ಟೂ ಹೊತ್ತು ಗಟ್ಟಿಯಾಗಿಯೇ ಇರುವುದಿಲ್ಲ. ಆ ಅವಧಿಯಲ್ಲಿ ಆಸೆ ಬಂದಾಗ ಸಹಾಯ ಸಿಗುತ್ತೆ ಅಂತ ಅರ್ಥ. ಊಟದ ತಕರಾರಿಲ್ಲ. ಬೇಕಾದಾಗ ಮಾತ್ರ ತಗೊಳ್ಳುವುದಾದರೆ ಸಾಮಾನ್ಯವಾಗಿ 10 ಎಂಜಿಯಿಂದ ಶುರು ಮಾಡುತ್ತಾರೆ, ಹೆಚ್ಚೆಂದರೆ 20. ಇಲ್ಲವೇ ದಿನಾ ಒಂದೇ ಹೊತ್ತಿಗೆ 2.5 ಅಥವಾ 5 ಎಂಜಿ. ಪ್ರಾಸ್ಟೇಟ್ ದೊಡ್ಡದಾಗಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರಿಗೆ ಈ 5 ಎಂಜಿ ಆ ತೊಂದರೆಗೂ ಆಗುತ್ತೆ.

ವಾರ್ಡೆನಾಫಿಲ್ ಬಹುಮಟ್ಟಿಗೆ ಸಿಲ್ಡೆನಾಫಿಲ್ ಥರವೇ, ಡೋಸ್ 5ರಿಂದ 20 ಎಂಜಿ. ಇಸಿಜಿಯಲ್ಲಿ ಕ್ಯೂಟಿ (ಹೃದಯದ ಬಡಿತದಲ್ಲಿ ಅಳೆಯುವ ಒಂದು ಅವಧಿ) ಉದ್ದ ಇದೆ ಅಂತ ಡಾಕ್ಟರ್ ಹೇಳಿದ್ದರೆ ಅದು ಬೇಡ. ಅವಾನಾಫಿಲ್ ಹೊಸದು, 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಹದಿನೈದು ನಿಮಿಷ, ಅರ್ಧ ಗಂಟೆಯಲ್ಲೇ ಶುರುವಾಗುವುದು ಅದರ ಗುಣ. ಈ ಎರಡರ ಬಗ್ಗೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಅಡ್ಡ ಪರಿಣಾಮಗಳಲ್ಲಿ ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ಎದೆಯುರಿ ಎಲ್ಲದಕ್ಕೂ ಸಾಮಾನ್ಯ. ಸಿಲ್ಡೆನಾಫಿಲ್ ಕಣ್ಣಿನ ಪಿಡಿಇ6 ಕಿಣ್ವವನ್ನೂ ಸ್ವಲ್ಪ ಮುಟ್ಟುತ್ತೆ, ಅದಕ್ಕೇ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲ ನೀಲಿ ನೀಲಿಯಾಗಿ ಕಾಣುತ್ತೆ. ಟಡಾಲಾಫಿಲ್‌ಗೆ ಬೆನ್ನುನೋವು, ತೊಡೆನೋವು. ಅದು ಮಾತ್ರೆ ತಗೊಂಡ ಅರ್ಧ ದಿನ, ಒಂದು ದಿನ ಆದ ಮೇಲೆ ಬರುವುದರಿಂದ ಯಾರಿಗೂ ಹೊಳೆಯಲ್ಲ. ಸೊಂಟನೋವಿಗೆ ಮುಲಾಮು ಕೇಳಲು ಬಂದ ಒಬ್ಬರು "ಭಾರ ಏನೂ ಎತ್ತಿಲ್ಲ, ಬಿದ್ದಿಲ್ಲ, ಸುಮ್ನೆ ನೋಯ್ತಿದೆ" ಅಂದರು. ಹಿಂದಿನ ದಿನ ಟಡಾಲಾಫಿಲ್ ತಗೊಂಡು ಹೋದದ್ದು ನನಗೆ ನೆನಪಿತ್ತು. ಮೆಲ್ಲಗೆ ಹೇಳಿದೆ. ಮುಲಾಮು ಅಲ್ಲೇ ಬಿಟ್ಟು ನಗುತ್ತಾ ಹೋದರು. ಸಾಮಾನ್ಯವಾಗಿ ಎರಡು ದಿನದೊಳಗೆ ತಾನಾಗಿ ಹೋಗುತ್ತೆ.

ಅಪರೂಪದ ಆದರೆ ತಡ ಮಾಡಬಾರದ ತೊಂದರೆಗಳೂ ಇವೆ. ನಾಲ್ಕು ಗಂಟೆ ಕಳೆದರೂ ಗಡಸು ಇಳಿಯದಿದ್ದರೆ, ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾದರೆ, ಕಿವಿ ಕೇಳದಾದರೆ ನೇರ ಆಸ್ಪತ್ರೆಗೆ ಹೋಗಿ. ನಾಚಿಕೆಪಟ್ಟು ಬೆಳಗಿನವರೆಗೆ ಕಾಯಬೇಡಿ.

ನಿಮ್ಮ ವಿಷಯಕ್ಕೆ ಬರೋಣ. ಶುಗರ್ ನರಕ್ಕೂ ಏಟು ಕೊಡುತ್ತೆ, ರಕ್ತನಾಳಕ್ಕೂ ಕೊಡುತ್ತೆ. ಹಾಗಾಗಿ ಶುಗರ್ ಇರುವವರಲ್ಲಿ ಈ ಮಾತ್ರೆಗಳ ಫಲ ಉಳಿದವರಿಗಿಂತ ಸ್ವಲ್ಪ ಕಡಿಮೆ. 1999ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಶುಗರ್ ಇರುವ ಗಂಡಸರಿಗೆ ಸಿಲ್ಡೆನಾಫಿಲ್ ಕೊಟ್ಟಾಗ 56% ಜನ ಸುಧಾರಣೆ ಆಯ್ತು ಅಂದರು. ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ಹಾಗಂದವರು 10%. ಅಂದರೆ ನಿಮಗೂ ಒಳ್ಳೆ ಅವಕಾಶ ಇದೆ, ಆದರೆ 50 ಎಂಜಿ ಸಾಲದೆ 100 ಬೇಕಾಗಬಹುದು. ಏರಿಸುವುದು ಡಾಕ್ಟರ್ ಕೆಲಸ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಯಾವತ್ತೂ ಇಲ್ಲ. ಎರಡು ಸಲ ನೋಡಿ ಫೇಲ್ ಅನ್ನುವುದು ಅವಸರ. ಸರಿಯಾದ ಡೋಸ್‌ನಲ್ಲಿ, ಸರಿಯಾದ ಸಮಯಕ್ಕೆ, ಆರೇಳು ಸಲ ನೋಡದೆ ಆ ಮಾತಿಗೆ ಬೆಲೆ ಇಲ್ಲ. ಮೊದಲೆರಡು ಸಲ ಭಯವೇ ಅರ್ಧ ಕೆಡಿಸಿರುತ್ತೆ. ಇನ್ನು ಗೆಳೆಯರು ಕೊಟ್ಟ ಮಾತ್ರೆ ಎಲ್ಲಿಂದ ಬಂತು ಅಂತ ಅವರಿಗಾದರೂ ಗೊತ್ತಾ? ಜಗತ್ತಿನಲ್ಲಿ ಜಾಸ್ತಿ ನಕಲಿ ಆಗುವ ಔಷಧಿಗಳಲ್ಲಿ ಇದೂ ಒಂದು.

ಆಯ್ಕೆ ನನಗೆ ಬಿಟ್ಟರೆ, ನಿಮ್ಮ ಸ್ಥಿತಿಯಲ್ಲಿ ದಿನಾ ತಗೊಳ್ಳುವ ಟಡಾಲಾಫಿಲ್ 5 ಎಂಜಿ ಆಗುತ್ತಾ ಅಂತ ಡಾಕ್ಟರ್ ಹತ್ತಿರ ಕೇಳಿ ಅನ್ನುತ್ತೇನೆ. ಗಡಿಯಾರ ನೋಡುವ ಕಾಟ ಇಲ್ಲ. ಹೇಗೂ ಶುಗರ್ ಮಾತ್ರೆ ದಿನಾ ತಗೊಳ್ತೀರಲ್ವಾ, ಅದರ ಜೊತೆಗೆ ಹೋಗುತ್ತೆ. ಅಪರೂಪಕ್ಕೆ ಮಾತ್ರ ಬೇಕು ಅನ್ನುವವರಿಗೆ ಸಿಲ್ಡೆನಾಫಿಲ್ ಸಾಕು. ಅಂದ ಹಾಗೆ ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡನ್ನೂ ಒಟ್ಟಿಗೆ ನುಂಗಿದರೆ ಡಬಲ್ ಫಲ ಸಿಗಲ್ಲ, ಬಿಪಿ ಕುಸಿಯಬಹುದು.

ಆದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಶಿಶ್ನದ ರಕ್ತನಾಳ 1-2 ಮಿ.ಮೀ. ಅಗಲ, ಹೃದಯದ್ದು 3-4 ಮಿ.ಮೀ. ನಾಳಗಳು ಒಳಗೆ ಕಟ್ಟಿಕೊಳ್ಳಲು ಶುರುವಾದರೆ ಸಣ್ಣದು ಮೊದಲು ಸೂಚನೆ ಕೊಡುತ್ತೆ. ಇಲ್ಲಿ ತೊಂದರೆ ಕಾಣಿಸಿಕೊಂಡ ಕೆಲವು ವರ್ಷಗಳಿಗೆ ಎದೆಯಲ್ಲಿ ಕಾಣಿಸಿಕೊಳ್ಳುವುದುಂಟು. ನಿಮಗಂತೂ ಶುಗರ್ ಬೇರೆ ಇದೆ. ಬಿಪಿ, ಕೊಲೆಸ್ಟ್ರಾಲ್, ಮೂರು ತಿಂಗಳ ಶುಗರ್ ಸರಾಸರಿ, ಇಸಿಜಿ, ಬೆಳಿಗ್ಗೆ ಹೊತ್ತಿನ ಟೆಸ್ಟೋಸ್ಟೆರಾನ್, ಇವನ್ನು ನೋಡಬೇಕು. ಬಿಪಿಯ ಕೆಲವು ಮಾತ್ರೆಗಳಿಂದ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಬರುತ್ತೆ. ಅವನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಲು ಬರುತ್ತಾ ಅಂತ ಕೇಳಿ. ಸಿಗರೇಟ್ ಇದ್ದರೆ ಅದನ್ನಂತೂ ಬಿಡಲೇಬೇಕು.

ನಾನು ಕೌಂಟರ್‌ನಲ್ಲಿ ಖಂಡಿತ ಇಲ್ಲ ಅನ್ನುವ ಸಂದರ್ಭ ಒಂದಿದೆ. ಹೃದಯಕ್ಕೆ ನೈಟ್ರೇಟ್ ತಗೊಳ್ಳುವವರಿಗೆ ಈ ಗುಂಪಿನ ಯಾವ ಮಾತ್ರೆಯೂ ಕೊಡಬಾರದು. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡುವ ಮಾತ್ರೆ, ಐಸೊಸಾರ್ಬೈಡ್, ಚರ್ಮಕ್ಕೆ ಅಂಟಿಸುವ ನೈಟ್ರೋಗ್ಲಿಸರಿನ್ ಪಟ್ಟಿ, ಇವೆಲ್ಲ ಅದೇ. ನಿಕೊರಾಂಡಿಲ್ ಕೂಡ ಅದೇ ಸಾಲಿನದ್ದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಒಬ್ಬರು ಎರಡು ಚೀಟಿ ತಂದಿದ್ದರು, ಹೃದಯದ ಡಾಕ್ಟರ್‌ದು ಒಂದು, ಇನ್ನೊಬ್ಬ ಡಾಕ್ಟರ್‌ದು ಒಂದು. ಒಂದರಲ್ಲಿ ಐಸೊಸಾರ್ಬೈಡ್, ಇನ್ನೊಂದರಲ್ಲಿ ಸಿಲ್ಡೆನಾಫಿಲ್. ಒಬ್ಬರಿಗೊಬ್ಬರ ಸುದ್ದಿ ಹೇಳಿರಲಿಲ್ಲ. ಪ್ರಾಸ್ಟೇಟ್‌ಗೆ ಟಾಮ್ಸುಲೋಸಿನ್ ಥರದ್ದು ತಗೊಳ್ಳುವವರು, ಫಂಗಸ್‌ಗೆ ಕೀಟೊಕೊನಜೋಲ್ ತಗೊಳ್ಳುವವರೂ ಮೊದಲೇ ಹೇಳಬೇಕು. ಡೋಸ್ ಕಡಿಮೆಯಿಂದ ಶುರು ಮಾಡಬೇಕಾಗುತ್ತೆ.

ಮಾತ್ರೆ ನಿಜವಾಗಿಯೂ ಆಗದಿದ್ದರೆ ದಾರಿ ಮುಗಿಯಲ್ಲ. ಆಲ್‌ಪ್ರೊಸ್ಟಡಿಲ್ ಅನ್ನುವ ಇಂಜೆಕ್ಷನ್ ಇದೆ, ಶಿಶ್ನಕ್ಕೇ ಸಣ್ಣ ಸೂಜಿಯಲ್ಲಿ ಕೊಟ್ಟುಕೊಳ್ಳುವುದು. ಡಾಕ್ಟರ್ ಮೊದಲು ಕಲಿಸಿಕೊಡುತ್ತಾರೆ. ಅದು ನೈಟ್ರಿಕ್ ಆಕ್ಸೈಡ್ ದಾರಿಯನ್ನು ಕಾಯದೆ ನೇರ ಕೆಲಸ ಮಾಡುತ್ತೆ, ಹಾಗಾಗಿ ನರಕ್ಕೆ ಪೆಟ್ಟಾದವರಿಗೂ ಆಗುತ್ತೆ. ಸ್ಟ್ರಾಂಗ್ ಬೇಕು ಅಂದವರಿಗೆ ನಿಜವಾದ ಸ್ಟ್ರಾಂಗ್ ಇದು, ಆದರೆ ಸೂಜಿ ಅಂದ ಕೂಡಲೇ ಬಹಳ ಜನ ಮಾತು ಬದಲಿಸುತ್ತಾರೆ. ವ್ಯಾಕ್ಯೂಮ್ ಪಂಪ್ ಇದೆ, ಕೊನೆಗೆ ಆಪರೇಷನ್ ಮಾಡಿ ಒಳಗೆ ಇಡುವ ಇಂಪ್ಲಾಂಟ್ ಇದೆ. ಗಿಡಮೂಲಿಕೆ, ಪೂರ್ತಿ ನೈಸರ್ಗಿಕ ಅಂತ ಮಾರುವ ಪುಡಿ, ಕ್ಯಾಪ್ಸೂಲ್‌ಗಳ ಹತ್ತಿರ ಹೋಗಬೇಡಿ. ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಲೇಬಲ್ ಮೇಲೆ ಹೇಳದ ಸಿಲ್ಡೆನಾಫಿಲ್, ಟಡಾಲಾಫಿಲ್ ಸಿಕ್ಕಿದೆ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ.

ಹೆಂಡತಿಗೆ ಹೇಳದೆ ತಗೊಳ್ಳಬಹುದಾ? ಮಾತ್ರೆಯ ಮಟ್ಟಿಗೆ ಯಾವ ಅಡ್ಡಿಯೂ ಇಲ್ಲ. ದಿನಾ ತಗೊಳ್ಳುವ ಟಡಾಲಾಫಿಲ್ ಆದರೆ ಅವರಿಗೆ ಗೊತ್ತೂ ಆಗಲ್ಲ. ಆದರೂ ಹೇಳಿ ಅನ್ನುತ್ತೇನೆ, ಸಂಸಾರದ ಬುದ್ಧಿಮಾತು ಹೇಳುವ ಆಸೆಯಿಂದಲ್ಲ. ನಿಮಗೆ ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಅಲ್ಲಿ ಕೊಡುವ ಔಷಧಿಗಳಲ್ಲಿ ನೈಟ್ರೇಟ್ ಇರಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಆಗುವವರೆಗೆ ಅದನ್ನು ಕೊಡುವ ಹಾಗಿಲ್ಲ. ದಿನಾ ತಗೊಳ್ಳುವವರಿಗಂತೂ ಆ 48 ಗಂಟೆ ಯಾವಾಗಲೂ ನಡೆಯುತ್ತಲೇ ಇರುತ್ತೆ. ನಿಮಗೆ ಮಾತಾಡುವ ಸ್ಥಿತಿ ಇಲ್ಲದಿದ್ದರೆ ಅಲ್ಲಿನವರು ಕೇಳುವುದು ನಿಮ್ಮ ಹೆಂಡತಿಯನ್ನೇ. ಮಾತ್ರೆಯ ಹೆಸರು, ಕೊನೆಯ ಸಲ ಯಾವಾಗ ತಗೊಂಡಿರಿ, ಇವೆರಡು ಅವರಿಗೆ ಗೊತ್ತಿರಲಿ.