ಗೋದಾಮಿನ ದೆವ್ವಕ್ಕಿಂತ ಮೊದಲು ಮಾತ್ರೆ ಬಗ್ಗೆ ಕೇಳಿ

ಅಣ್ಣಾ, ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ರಾತ್ರಿ ಪಾಳಿಗೆ ಹೋದಾಗ ತಗಡಿನ ಮೇಲೆ ಯಾರೋ ನಡೆದಂಗೆ ಸದ್ದು, ಗೋದಾಮಿಗೆ ಹೋದರೆ ಎದೆ ಹಿಡಿದು ತಲೆ ತಿರುಗುತ್ತದೆ, ದೆವ್ವ ಇರಬಹುದಾ ಅಂತ ಕೇಳಿದ್ದೀರಿ.

ಸದ್ದು ಬಿಡಿ. ನಮ್ಮ ಬಿಸಿಲಿಗೆ ಹಿಗ್ಗಿದ ತಗಡು ರಾತ್ರಿ ತಣ್ಣಗಾಗಿ ಕುಗ್ಗುವಾಗ ಟಕ್ ಟಕ್ ಅನ್ನುತ್ತದೆ.

ನನಗೆ ಹೆದರಿಕೆ ಆಗಿದ್ದು ನಿಮ್ಮ ಎರಡನೇ ಮಾತಿಗೆ. ತೊಗರಿಗೆ ಹುಳ ಬೀಳದಿರಲಿ ಅಂತ ಚೀಲಗಳ ನಡುವೆ ಮಾತ್ರೆ ಇಡುತ್ತಾರಲ್ಲ, ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಬೆಳ್ಳುಳ್ಳಿಯದೋ ಕೊಳೆತ ಮೀನಿನದೋ ವಾಸನೆ ಬರಬಹುದು. ಬರಲಿಲ್ಲ ಅಂದ್ರೂ ಸುಮ್ನೆ ನಂಬಬೇಡಿ. ತಲೆನೋವು, ವಾಂತಿ, ಎದೆ ಬಿಗಿತ ಶುರುವಾಗುತ್ತದೆ, ಜಾಸ್ತಿಯಾದರೆ ಜೀವವೇ ಹೋಗುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಈ ಗಾಳಿ ತಡೆಯುವುದಿಲ್ಲ. ಮಾತ್ರೆ ಮೇಲೆ ನೀರಂತೂ ಸುರಿಯಲೇಬೇಡಿ.

ಶರಣಬಸವೇಶ್ವರರ ಗುಡಿಗೆ ಹೋಗಿ, ದರ್ಗಾಕ್ಕೂ ಹೋಗಿ, ಬೇಡ ಅನ್ನಲ್ಲ. ಆದರೆ ಮೊದಲು ಮುನೀಮರನ್ನು ಕೇಳಿ. ಮಾತ್ರೆ ಯಾವಾಗ ಇಟ್ಟರು? ಬಾಗಿಲು ತೆರೆದು ಗಾಳಿ ಆಡಲು ಬಿಟ್ಟರಾ? ಉತ್ತರ ಸಿಗುವ ತನಕ ಒಳಗೆ ಕಾಲಿಡಬೇಡಿ, ಮಲಗುವುದಂತೂ ದೂರದ ಮಾತು. ಮತ್ತೆ ತಲೆ ತಿರುಗಿದರೆ ಹೊರಗೆ ಬಂದು 108ಕ್ಕೆ ಫೋನ್ ಮಾಡಿ, ಮಾತ್ರೆ ವಿಷಯ ಡಾಕ್ಟರಿಗೂ ಹೇಳಿ.